ವಾಲಿದ ಅಕ್ಷರದ ಲಗ್ನಪತ್ರಿಕೆ

ನಮ್ಮ ಸೋದರತ್ತೆ ನಿವೃತ್ತಳಾದ ದಿನ ಅವಳ ಕಚೇರಿಯ ಸಮಾರಂಭದಲ್ಲಿ ನಾನು ಎದ್ದು ನಿಂತು ಜಗಳ ಮಾಡಲಿಲ್ಲವಲ್ಲ, ಅದೇ ದೊಡ್ಡದು. ನನಗೆ ಮೂಗಿನ ತುದಿಯಲ್ಲೇ ಕೋಪ. ಅವತ್ತು ಎರಡು ಸಲ ಕುರ್ಚಿ ಬಿಟ್ಟು ಏಳಲು ಹೋದೆ. ಎರಡು ಸಲವೂ ಪಕ್ಕದಲ್ಲಿದ್ದ ಅಪ್ಪಾಜಿ ನನ್ನ ಸೆರಗು ಹಿಡಿದು ಎಳೆದು ಕೂರಿಸಿದರು.

ವಿಷಯ ಇಷ್ಟೇ. ಅತ್ತೆ ಆ ಕಚೇರಿಯಲ್ಲಿ ಮೂವತ್ತೈದು ವರ್ಷ ಗುಮಾಸ್ತೆಯಾಗಿದ್ದಳು. ಅಲ್ಲಿಂದ ಯಾರು ನಿವೃತ್ತರಾದರೂ, ವರ್ಗವಾಗಿ ಹೋದರೂ, ಅವರಿಗೆ ಕೊಡುವ ಬಿನ್ನವತ್ತಳೆಯನ್ನು ಬರೆಯುತ್ತಿದ್ದವಳು ಅವಳೇ. ಚಪ್ಪಟೆ ಮೊನೆಯ ಪೆನ್ನನ್ನು ಕಪ್ಪು ಮಸಿಯಲ್ಲಿ ಅದ್ದಿ, ದಪ್ಪ ಹಾಳೆಯ ಮೇಲೆ, ಬಲಕ್ಕೆ ಸ್ವಲ್ಪವೇ ಸ್ವಲ್ಪ ವಾಲಿದ ಅಕ್ಷರಗಳಲ್ಲಿ ಬರೆಯುತ್ತಿದ್ದಳು. ಗೆರೆ ದಪ್ಪಗೆ ಇಳಿದು, ತಿರುವಿನಲ್ಲಿ ಕೂದಲೆಳೆಯಷ್ಟು ತೆಳ್ಳಗಾಗಿ, ಮತ್ತೆ ದಪ್ಪಗಾಗಿ ಮೇಲೇಳುತ್ತಿತ್ತು. ಕೊನೆಯ ಅಕ್ಷರದ ಬಾಲವನ್ನು ಚೂರು ಎಳೆದು ಬಿಡುತ್ತಿದ್ದಳು. ಒಳಗೆ ಬರೆದ ಹೊಗಳಿಕೆಯಲ್ಲಿ ಅರ್ಧ ಸುಳ್ಳಿರಬಹುದು, ಅದು ಪಡೆದುಕೊಂಡವರಿಗೂ ಗೊತ್ತು. ಆದರೂ ಅದಕ್ಕೆ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿಕೊಂಡಿದ್ದರು. ಅಕ್ಷರ ಹಾಗಿತ್ತು.

ಅಂಥವಳ ಕೈಗೆ ಅವತ್ತು ಕೊಟ್ಟ ಬಿನ್ನವತ್ತಳೆ ಕಂಪ್ಯೂಟರಿನಲ್ಲಿ ಹೊಡೆದದ್ದು. ಅದೂ ಹೇಗೆ? ಯಾರೋ ಮಹಾನುಭಾವರು ಸಾಮಾನ್ಯ ನೆಟ್ಟನೆಯ ಅಕ್ಷರವನ್ನೇ ತೆಗೆದುಕೊಂಡು, ವಾಲಿಸುವ ಬಟನ್ ಒತ್ತಿ ಕೈತೊಳೆದುಕೊಂಡಿದ್ದರು. ಕನ್ನಡದ ಅಕ್ಷರ ದುಂಡಗಿರುವುದು. ಅದನ್ನು ಹಾಗೆ ಬಟನ್ ಒತ್ತಿ ತಳ್ಳಿದರೆ ದುಂಡು ಹೋಗಿ ಒಂದು ಕಡೆ ಊದಿಕೊಳ್ಳುತ್ತದೆ, ಇನ್ನೊಂದು ಕಡೆ ಸೊರಗುತ್ತದೆ. ಕೆಳಗಿನ ಒತ್ತಕ್ಷರ ತನ್ನ ಜಾಗ ಬಿಟ್ಟು ಹಿಂದಿನ ಅಕ್ಷರದ ಕಾಲಡಿಗೆ ನುಗ್ಗುತ್ತದೆ. ಅತ್ತೆಯ ಹೆಸರೇ ಗುರುತು ಸಿಗದ ಹಾಗಾಗಿತ್ತು. ನನಗೆ ಪಿತ್ತ ನೆತ್ತಿಗೇರಿತು.

ಏಕೆಂದರೆ ನನ್ನ ಹೊಟ್ಟೆಪಾಡೇ ಅಕ್ಷರದ ಕೆಲಸ. ಯಾದವಗಿರಿಯ ಒಂದು ಬಂಗಲೆಯ ಹಿಂದಿನ ಔಟ್‌ಹೌಸಿನಲ್ಲಿ ಅಪ್ಪಾಜಿ, ಅತ್ತೆ, ನಾನು ಮೂವರೇ ಇರುವುದು. ಅಮ್ಮ ಹೋಗಿ ಬಹಳ ವರ್ಷವಾಯಿತು. ಮುಂದಿನ ಕೋಣೆಯಲ್ಲಿ ನನ್ನ ಕಂಪ್ಯೂಟರು. ಅಂಗಡಿಗಳ ಚೀಲ, ಡಬ್ಬ, ಪೊಟ್ಟಣ, ಲಗ್ನಪತ್ರಿಕೆಗಳನ್ನು ವಿನ್ಯಾಸ ಮಾಡಿಕೊಡುತ್ತೇನೆ, ಒಮ್ಮೊಮ್ಮೆ ಹೊಸ ಅಕ್ಷರವಿನ್ಯಾಸವನ್ನೂ ಮಾಡುತ್ತೇನೆ. ಅಪ್ಪಾಜಿ ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದು ನಿವೃತ್ತರಾದವರು. ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ ಅವರು ಈಗಲೂ ‘ಕಂಪ್ಯೂಟರ್’ ಎಂದು ಹೇಳಿ ಮಾತು ಬದಲಿಸುತ್ತಾರೆ.

ಆಟೋದಲ್ಲಿ ವಾಪಸು ಬರುವಾಗ ನಾನು ಕೂಗಾಡುತ್ತಲೇ ಇದ್ದೆ. ಅತ್ತೆ ಹಾರ, ಫಲತಾಂಬೂಲ, ಬಿನ್ನವತ್ತಳೆ ಎಲ್ಲವನ್ನೂ ತೊಡೆಯ ಮೇಲಿಟ್ಟುಕೊಂಡು ನಗುತ್ತಿದ್ದಳು.

“ಓಗ್ಲಿ ಬುಡು, ಎಸ್ರು ತಪ್ಪಿಲ್ವಲ್ಲ.”

“ಹೆಸರು ತಪ್ಪಿಲ್ಲ, ಸರಿ. ಅದಕ್ಕೆ ಸೊಂಟ ಮುರಿದಿದ್ದಾರಲ್ಲ ಅತ್ತೆ! ನಿನ್ನ ಅಕ್ಷರಾನೇ ನಾನು ಕಂಪ್ಯೂಟರಿಗೆ ಹಾಕ್ತೀನಿ, ನೋಡ್ತಾ ಇರು. ಇನ್ಮುಂದೆ ಮೈಸೂರಲ್ಲಿ ಯಾರೂ ಆ ಬಟನ್ ಒತ್ತಬಾರದು.”

“ಮೈಸೂರೇ ನಿನ್ ಮಾತು ಕೇಳ್ಕೊಂಡು ಕೂತದೆ ಪಾಪ” ಎಂದು ಅಪ್ಪಾಜಿ ಮುಂದಿನ ಸೀಟಿನಿಂದಲೇ ಹೇಳಿದರು.

ಕೋಪದಲ್ಲಿ ಆಡಿದ ಮಾತು. ಆದರೆ ಮಾರನೆಯ ದಿನ ಅತ್ತೆ ತನ್ನ ಮಂಚದ ಕೆಳಗಿನ ತಗಡಿನ ಟ್ರಂಕನ್ನು ಎಳೆದು ನನ್ನ ಮೇಜಿನ ಪಕ್ಕ ಇಟ್ಟಳು. ಮುಚ್ಚಳ ತೆಗೆದರೆ ತುಂಬ ಲಗ್ನಪತ್ರಿಕೆಯ ಕವರುಗಳು! ನಮ್ಮ ಬೀದಿಯಲ್ಲಿ, ನೆಂಟರಲ್ಲಿ, ಕಚೇರಿಯವರಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಪತ್ರಿಕೆಯ ಕಟ್ಟು ಮೊದಲು ಅತ್ತೆಯ ಹತ್ತಿರ ಬರುತ್ತಿತ್ತು. ಕವರಿನ ಮೇಲೆ ಕರೆಯಬೇಕಾದವರ ಹೆಸರು ಬರೆಯುವುದು ಅವಳ ಕೆಲಸ. ಬರೆಯುವಾಗ ಮಸಿ ಹರಡಿದ್ದು, ಅಕ್ಷರ ಕೆಟ್ಟದ್ದು, ಎಲ್ಲವನ್ನೂ ಎತ್ತಿಟ್ಟಿದ್ದಳು.

“ಇದನ್ನೆಲ್ಲ ಯಾಕೆ ಇಟ್ಕೊಂಡಿದ್ದೀಯ?” ಎಂದೆ.

“ಒಬ್ರ ಎಸ್ರು ಬರ್ದಿರೋ ಕಾಗ್ದಾನ ಕಸಕ್ಕಾಕ್ತಾರೇನೇ? ಒಳ್ಳೇದಾಗ್ಲಿ ಅಂತ ಮನಸ್ನಾಗೆ ಅಂದ್ಕೊಂಡು ಬರ್ದಿರೋದು ಕಣೇ.”

ಹಾಗೆ, ಮೈಸೂರಿನ ಅರ್ಧ ಜನರ ಕೆಟ್ಟುಹೋದ ಹೆಸರುಗಳಿಂದ ನಾನು ಅಕ್ಷರ ಹೆಕ್ಕಲು ಕೂತೆ. ಒಬ್ಬರ ಹೆಸರಿನಿಂದ ‘ರ’, ಇನ್ನೊಬ್ಬರ ಹೆಸರಿನಿಂದ ‘ಲ’. ಸಿಗದೇ ಇದ್ದದ್ದನ್ನು ಅತ್ತೆಯೇ ಬರೆದುಕೊಡುತ್ತಿದ್ದಳು. ಮೊದಲ ಸಲ ಐವತ್ತು ಅಕ್ಷರ ಮುಗಿಸಿ, ಪ್ರಿಂಟ್ ತೆಗೆದು, ಬೀಗುತ್ತಾ ಅವಳಿಗೆ ತೋರಿಸಿದೆ. ಎಲ್ಲವೂ ಒಂದೇ ಅಳತೆಯಲ್ಲಿ ವಾಲಿದ್ದವು. ಕೋನಮಾಪಕ ಇಟ್ಟು ಸರಿಮಾಡಿದ್ದೆ. ಅತ್ತೆ ಕನ್ನಡಕ ಹಾಕಿ ನೋಡಿದಳು, ತೆಗೆದು ನೋಡಿದಳು.

“ಇಸ್ತ್ರಿ ಮಾಡ್ಬುಟ್ಟಿದ್ದೀಯಲ್ಲೇ!” ಎಂದಳು.

ಆಮೇಲೆ ಪೆನ್ನು ತೆಗೆದು ಪಾಠಕ್ಕೆ ಕೂತಳು. ಅವಳು ಮೇಲಿನ ಅಕ್ಷರವನ್ನು ವಾಲಿಸುತ್ತಿದ್ದಳು, ಕೆಳಗಿನ ಒತ್ತನ್ನು ಅಷ್ಟು ವಾಲಿಸುತ್ತಿರಲಿಲ್ಲ. ಇಷ್ಟು ವರ್ಷ ನೋಡಿದ್ದರೂ ನಾನದನ್ನು ಗಮನಿಸಿಯೇ ಇರಲಿಲ್ಲ. “ಮೇಲಿರೋನು ವಾಲಿದ್ರೆ ಕೆಳಗಿರೋನು ಗಟ್ಟಿಯಾಗಿ ನಿಂತ್ಕೊಬೇಕು. ಇಲ್ದಿದ್ರೆ ಇಬ್ರೂ ಬಿದ್ಬುಡ್ತಾರೆ” ಎಂದು ಒಂದು ‘ಮ್ಮ’ ಬರೆದು ತೋರಿಸಿದಳು. ತಲೆಕಟ್ಟನ್ನು ಕೂಡ ಎಲ್ಲಾ ಅಕ್ಷರಕ್ಕೂ ಒಂದೇ ಥರ ಎಳೆಯುತ್ತಿರಲಿಲ್ಲ. ಮುಂದೆ ಬರುವ ಅಕ್ಷರ ನೋಡಿಕೊಂಡು ಕೆಲವಕ್ಕೆ ಗಿಡ್ಡ, ಕೆಲವಕ್ಕೆ ಉದ್ದ. ನಾನು ಕಾಲೇಜಿನಲ್ಲಿ ನಾಲ್ಕು ವರ್ಷ ಕಲಿಯದೇ ಇದ್ದದ್ದನ್ನು ಅಡುಗೆಮನೆಯಲ್ಲಿ ಬೇಳೆ ಬೇಯುವಷ್ಟು ಹೊತ್ತಿನಲ್ಲಿ ಕಲಿತೆ. ಐವತ್ತು ಅಕ್ಷರವನ್ನೂ ಅಳಿಸಿ ಹೊಸದಾಗಿ ಶುರುಮಾಡಿದೆ.

ಏಳೆಂಟು ತಿಂಗಳಲ್ಲಿ ಒಂದು ಮಟ್ಟಕ್ಕೆ ಬಂತು. ಆಗ ಶುರುವಾಯಿತು ನೋಡಿ ಮಜಾ. ಮೊದಲು ಒಂದು ಸಿಹಿತಿಂಡಿ ಅಂಗಡಿಯ ಡಬ್ಬದ ಮೇಲೆ ಹಾಕಿದೆ. ಕೆಂಪು ಡಬ್ಬ, ಮೇಲೆ ಒಂದೇ ಸಾಲು ಚಿನ್ನದ ಬಣ್ಣದ ವಾಲಿದ ಅಕ್ಷರ. ಡಬ್ಬ ಖಾಲಿಯಾದ ಮೇಲೂ ಜನ ಬಿಸಾಡುವುದಿಲ್ಲ, ಸೂಜಿದಾರ ಹಾಕಿಡುತ್ತಾರೆ ಎಂದು ಅಂಗಡಿಯವರು ಹೇಳಿದಾಗ ನನಗೆ ಪ್ರಶಸ್ತಿ ಬಂದಷ್ಟು ಖುಷಿಯಾಯಿತು. ರೇಷ್ಮೆ ಸೀರೆ ಅಂಗಡಿಯ ಚೀಲಕ್ಕೆ ಹೋಯಿತು. ಊದುಬತ್ತಿ ಪೊಟ್ಟಣಕ್ಕೆ ಹೋಯಿತು. ನಮ್ಮ ಬೀದಿಯ ಎರಡು ಬಂಗಲೆಗಳ ಗೇಟಿನ ಕಲ್ಲಿನ ಮೇಲೆ ಕೆತ್ತಿಸಿಕೊಂಡರು. ಅತ್ತೆ ಸಂಜೆ ಆ ಗೇಟಿನ ಮುಂದೆ ಹಾದುಹೋಗುವಾಗ ತಲೆ ಎತ್ತದೆ, ಓರೆಗಣ್ಣಿನಲ್ಲಿ ನೋಡಿಕೊಂಡು ಹೋಗುವುದನ್ನು ನಾನೇ ಕಂಡಿದ್ದೇನೆ.

ಜಗಳವೂ ಆಯಿತು. ಬೋರ್‌ವೆಲ್ ಲಾರಿಯವರೊಬ್ಬರು ಬಂದು ಲಾರಿಯ ಉದ್ದಕ್ಕೂ ಇದೇ ಬೇಕು ಎಂದು ಪಟ್ಟುಹಿಡಿದರು. ರಸ್ತೆಯಲ್ಲಿ ಓಡುವ ಲಾರಿ ಮೇಲೆ ಇದನ್ನು ಓದುವಷ್ಟರಲ್ಲಿ ಲಾರಿ ಮಂಡ್ಯದಲ್ಲಿರುತ್ತದೆ ಎಂದೆ. ಔಷಧಿ ಅಂಗಡಿಯವರಿಗೂ ಇಲ್ಲ ಎಂದೆ. ಖಾರದಪುಡಿಯವರು ಪೊಟ್ಟಣದ ಹಿಂದಿನ ಸಣ್ಣ ವಿವರವನ್ನೂ ಇದರಲ್ಲೇ ಹಾಕಿ ಎಂದಾಗ, ಹಾಕಿಯೇ ತೋರಿಸಿದೆ. ಸಣ್ಣದಾದ ಕೂಡಲೇ ತೆಳು ಗೆರೆಗಳು ಮಾಯವಾಗಿ, ಒಳಗಿನ ಬಿಳಿ ಜಾಗ ಮುಚ್ಚಿಹೋಗಿ, ಇರುವೆ ಸಾಲಿನ ಹಾಗೆ ಕಂಡಿತು. “ಇದು ರೇಷ್ಮೆ ಸೀರೆ ಕಣ್ರೀ, ಉಟ್ಕೊಂಡು ಪಾತ್ರೆ ತಿಕ್ಕೋಕಾಗಲ್ಲ. ಹೆಸರಿಗೊಂದು ಸಾಲು ಹಾಕಿ, ಮಿಕ್ಕಿದ್ದಕ್ಕೆ ನೆಟ್ಟಗಿರೋ ಅಕ್ಷರ ಇದೆ” ಎಂದೆ. ಅವರು ಒಪ್ಪಿಕೊಂಡು, ಮೇಲೆ ಕಾಲು ಕೆ.ಜಿ. ಸಾಂಬಾರುಪುಡಿ ಕೊಟ್ಟು ಹೋದರು.

ಇವೆಲ್ಲ ಅಚ್ಚಾಗುತ್ತಿದ್ದದ್ದು ಲಷ್ಕರ್ ಮೊಹಲ್ಲಾದ ಒಂದು ಪ್ರೆಸ್ಸಿನಲ್ಲಿ. ಅದರ ಮಾಲೀಕರನ್ನು ನಾನು ‘ಪ್ರೆಸ್ ಸಾರ್’ ಎಂದೇ ಕರೆಯುವುದು. ಅರವತ್ತು ದಾಟಿದವರು, ಹೆಂಡತಿ ತೀರಿಕೊಂಡು ಹತ್ತು ವರ್ಷದ ಮೇಲಾಗಿತ್ತು. ಮಾತು ಕಡಿಮೆ, ಕೆಲಸದಲ್ಲಿ ಮಾತ್ರ ಯಮ. ಅವರ ಪ್ರೆಸ್ಸಿನಲ್ಲಿ ಒಂದು ನಿಯಮ ಇದೆ: ಯಾವ ಲಗ್ನಪತ್ರಿಕೆಯೇ ಆಗಲಿ, ಗಂಡಿನ ಕಡೆಯಿಂದ ಒಬ್ಬರು, ಹೆಣ್ಣಿನ ಕಡೆಯಿಂದ ಒಬ್ಬರು ಪ್ರೂಫ್ ಓದಿ ಸಹಿ ಹಾಕಬೇಕು. ಆಮೇಲೆಯೇ ಮಿಷನ್ನು ತಿರುಗುವುದು. ಕವರಿನ ಮೇಲೆ ಹೆಸರು ಬರೆಸುವುದಕ್ಕೆ ಅತ್ತೆಯ ಹತ್ತಿರ ಜನರನ್ನು ಕಳಿಸುತ್ತಿದ್ದವರು ಹೆಚ್ಚಾಗಿ ಅವರೇ. ಈಗ ಹೊಸ ಅಕ್ಷರದ್ದು ಏನೇ ಅಚ್ಚಾದರೂ ಮೊದಲ ಪ್ರತಿಯನ್ನು ಸ್ವತಃ ಯಾದವಗಿರಿಗೆ ತಂದು ಅತ್ತೆಗೆ ತೋರಿಸತೊಡಗಿದರು. ಡಬ್ಬ ತಂದರು, ಚೀಲ ತಂದರು. ಆಮೇಲೆ ಏನೂ ಅಚ್ಚಾಗದ ವಾರದಲ್ಲೂ ಬರತೊಡಗಿದರು. ನಾನು ಪೆದ್ದಿ, ನನ್ನ ಕೆಲಸ ನೋಡಲು ಬರುತ್ತಾರೆ ಅಂದುಕೊಂಡಿದ್ದೆ!

ಒಂದು ಭಾನುವಾರ ಅತ್ತೆ ನನಗೆ ಒತ್ತಕ್ಷರ ಬರೆದುಕೊಡುತ್ತಾ ಕೂತಿದ್ದಳು. ತಲೆ ಎತ್ತದೆ, “ನಾನೂ ಅವ್ರೂ ಮದ್ವೆ ಆಗಾನ ಅಂತಿದೀವಿ ಕಣೇ” ಎಂದಳು. ಪೆನ್ನು ನಿಲ್ಲಲಿಲ್ಲ. “ಅವ್ರು ಅಂದ್ರೆ?” ಎಂದೆ. “ಇನ್ಯಾರು, ನಿನ್ ಪ್ರೆಸ್ ಸಾರು.”

ಅಯ್ಯೋ ದೇವರೇ! ನಾನು ಕುರ್ಚಿಯಿಂದ ಎದ್ದು ಅವಳನ್ನು ತಬ್ಬಿಕೊಂಡ ರಭಸಕ್ಕೆ ಮಸಿ ಕುಡಿಕೆ ಉರುಳಿತು. ಅತ್ತೆಗೆ ಅರವತ್ತೊಂದು. ವಯಸ್ಸಿನಲ್ಲಿ ಜಾತಕ ಕೂಡಲಿಲ್ಲ, ಆಮೇಲೆ ಅಜ್ಜಿಗೆ ಕಾಯಿಲೆ, ಆಮೇಲೆ ಅಮ್ಮ ಹೋದಾಗ ನಾನು ಸಣ್ಣವಳು. ಅವಳ ಮದುವೆ ಬೇಡ ಎಂದು ಮನೆಯಲ್ಲಿ ಯಾರೂ ಅಂದವರಲ್ಲ. ಸುಮ್ಮನೆ ಮರೆತುಬಿಟ್ಟಿದ್ದರು. ಮರೆತವರಲ್ಲಿ ನಾನೂ ಒಬ್ಬಳು, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ನನ್ನ ಮದುವೆಯ ಮಾತು ಎತ್ತಬೇಡಿ, ಇದು ಅತ್ತೆಯ ವಿಷಯ.

ಅಪ್ಪಾಜಿಗೆ ಹೇಳಿದಾಗ ಅವರು ಪೇಪರು ಮಡಚಿ ಪಕ್ಕಕ್ಕಿಟ್ಟರು. ಬೈಯಲಿಲ್ಲ, ಹಾರಾಡಲಿಲ್ಲ. ಮನುಷ್ಯ ಒಳ್ಳೆಯವನು, ಅಭ್ಯಂತರವಿಲ್ಲ ಎಂದರು. ಆಮೇಲೆ ಹೇಳಿದರು:

“ಆದ್ರೆ ಈ ವಯಸ್ನಲ್ಲಿ ಕಾರ್ಡು ಗೀರ್ಡು ಏನೂ ಬ್ಯಾಡ ಕಣಮ್ಮ. ಸುಮ್ನೆ ರಿಜಿಸ್ಟ್ರು ಮಾಡ್ಸಿ ನಾಕು ಜನಕ್ಕೆ ಊಟ ಹಾಕ್ಬುಡಾನ. ಮೊಬೈಲ್ನಲ್ಲಿ ಒಂದು ಮೆಸೇಜು ಕಳ್ಸಿದ್ರೆ ಆಯ್ತು. ಊರ್ಗೆಲ್ಲ ಪತ್ರಿಕೆ ಹಂಚಿ, ನಾಳೆ ವಾಕಿಂಗ್ನಲ್ಲಿ ಎಲ್ರಿಗೂ ಏನಂತ ಹೇಳ್ಲಿ?”

ಅತ್ತೆ ಅಣ್ಣನ ಮಾತಿಗೆ ಎದುರಾಡಿದ್ದನ್ನು ನಾನು ಅವತ್ತಿನವರೆಗೆ ಕಂಡಿರಲಿಲ್ಲ.

“ಅಣ್ಣ, ಈ ಬೀದೀಲಿ ಎಷ್ಟು ಮನೆ ಅವೆ, ಅಷ್ಟು ಮನೆ ಪತ್ರಿಕೆ ಮೇಲೂ ನಾನು ಎಸ್ರು ಬರ್ದಿದ್ದೀನಿ. ಎಲ್ಲಾ ಕವರಿನ ಮೇಲೇನೇ. ಒಂದೇ ಒಂದ್ಸಲ ನನ್ನೆಸ್ರು ಪತ್ರಿಕೆ ಒಳಗಿರ್ಲಿ. ಚಿಕ್ಕಕ್ಷರದಲ್ಲಲ್ಲ, ದೊಡ್ಡಕ್ಷರದಲ್ಲಿ. ನನ್ನ ಅಕ್ಷರದಲ್ಲೇ. ಮಿಕ್ಕಿದ್ದೆಲ್ಲ ನೀನೇಳ್ದಂಗೆ ಮಾಡಾನ.”

“ಎಂಗಾದ್ರೂ ಮಾಡ್ಕೊಳಿ. ಕರೆಯೋರ ಜಾಗ್ದಲ್ಲಿ ನನ್ನೆಸ್ರು ಮಾತ್ರ ಹಾಕ್ಬ್ಯಾಡಿ” ಎಂದು ಅಪ್ಪಾಜಿ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು.

ನಮ್ಮ ಕಡೆ ಪತ್ರಿಕೆಯಲ್ಲಿ ಕರೆಯುವವರು ತಂದೆ ತಾಯಿ, ಅವರಿಲ್ಲದಿದ್ದರೆ ಅಣ್ಣ. ಹೆಣ್ಣು ತಾನೇ ತನ್ನ ಮದುವೆಗೆ ಕರೆಯುವುದಿಲ್ಲ. ಇದ್ದೊಬ್ಬ ಅಣ್ಣ ಬೇಡ ಎಂದಮೇಲೆ ಇನ್ನು ಯಾರ ಹೆಸರು? ಅತ್ತೆ ಒಂದು ದಿನ ಯೋಚನೆ ಮಾಡಿದಳು. ಮಾರನೆಯ ದಿನ ಒಂದು ಚೀಟಿಯಲ್ಲಿ ಬರೆದು ಕೊಟ್ಟಳು: ‘ನಾವಿಬ್ಬರೂ ಮದುವೆಯಾಗುತ್ತಿದ್ದೇವೆ. ಬಂದು ಊಟ ಮಾಡಿಕೊಂಡು ಹರಸಿ ಹೋಗಿ.’ ಕೆಳಗೆ ಇಬ್ಬರ ಹೆಸರು, ದಿನ, ಹೊತ್ತು, ಮನೆ ಹತ್ತಿರದ ಒಂದು ಸಣ್ಣ ಹಾಲಿನ ವಿಳಾಸ. ಅಷ್ಟೇ. ನಾನು ಅಷ್ಟು ಚೆಂದದ ಒಕ್ಕಣೆಯನ್ನು ಯಾವ ಪತ್ರಿಕೆಯಲ್ಲೂ ಓದಿರಲಿಲ್ಲ. ಆದರೆ ಬರೆದು ಕೊಡುವಾಗ ಅವಳ ಮುಖ ಗೆದ್ದವಳ ಮುಖವಾಗಿರಲಿಲ್ಲ.

ನಾನು ಆ ಪತ್ರಿಕೆಗೆ ಜೀವ ತೇದೆ. ಅವಳ ಹೆಸರಿಗಾಗಿಯೇ ಒಂದು ಅಕ್ಷರದ ಬಾಲವನ್ನು ಇನ್ನೂ ಉದ್ದಕ್ಕೆ ಎಳೆದು, ಅದು ಹೋಗಿ ಪ್ರೆಸ್ ಸಾರ್ ಹೆಸರಿನ ಮೊದಲಕ್ಷರದ ಹತ್ತಿರ ನಿಲ್ಲುವ ಹಾಗೆ ಮಾಡಿದೆ. ಬಾಲ ಅಲ್ಲಿಗೆ ತಾಗಬಾರದು, ತಾಗಿದಂತೆ ಕಾಣಬೇಕು. ಒಂದು ವಾರ ಅದರಲ್ಲೇ ಹೋಯಿತು. ಮುಗಿಸಿ ಪ್ರೆಸ್ಸಿಗೆ ಕಳಿಸಿ, ಇನ್ನೊಂದು ಕೆಲಸದ ಮೇಲೆ ಎರಡು ದಿನ ಹಾಸನಕ್ಕೆ ಹೋದೆ.

ಇಲ್ಲಿ ನನ್ನ ತಪ್ಪನ್ನು ನಾನೇ ಒಪ್ಪಿಕೊಳ್ಳಬೇಕು. ಹೊಸ ಅಕ್ಷರ ನನ್ನ ಕಂಪ್ಯೂಟರಿನಲ್ಲಿದೆ, ಪ್ರೆಸ್ಸಿನ ಕಂಪ್ಯೂಟರಿನಲ್ಲಿಲ್ಲ. ಹಾಗಾಗಿ ಕಳಿಸುವ ಮುಂಚೆ ಅಕ್ಷರಗಳನ್ನೆಲ್ಲ ಚಿತ್ರವಾಗಿ ಬದಲಾಯಿಸಿ ಕಳಿಸಬೇಕು. ಇಲ್ಲದಿದ್ದರೆ ಅಲ್ಲಿನ ಕಂಪ್ಯೂಟರು ತನ್ನ ಹತ್ತಿರ ಇರುವ ಯಾವುದೋ ಅಕ್ಷರ ಹಾಕಿಕೊಂಡು ಸುಮ್ಮನಾಗುತ್ತದೆ. ಡಬ್ಬಕ್ಕೆ, ಚೀಲಕ್ಕೆ, ಎಲ್ಲಕ್ಕೂ ಮರೆಯದೆ ಮಾಡಿದವಳು, ಬೇರೆಯವರು ಮರೆತರೆ ಫೋನಿನಲ್ಲೇ ಮುಖಕ್ಕೆ ಮಂಗಳಾರತಿ ಎತ್ತುವವಳು, ಅತ್ತೆಯ ಪತ್ರಿಕೆಗೆ ಮರೆತೆ. ಖುಷಿಯಲ್ಲಿ ಮರೆತೆ.

ಸರಿ, ನಾನು ಮರೆತೆ. ಪ್ರೂಫ್ ಇತ್ತಲ್ಲ? ಪ್ರೆಸ್ ಸಾರ್ ತಮ್ಮ ನಿಯಮ ಬಿಡಲಿಲ್ಲ. ಪ್ರೂಫ್ ಮಡಚಿ ಜೇಬಿನಲ್ಲಿಟ್ಟುಕೊಂಡು ನಮ್ಮ ಮನೆಗೆ ಬಂದರಂತೆ. ಗಂಡಿನ ಕಡೆಯಿಂದ ಅವರೇ, ಹೆಣ್ಣಿನ ಕಡೆಯಿಂದ ಅತ್ತೆಯೇ. ಎದುರುಬದುರು ಕೂತು ಕಾಫಿ ಕುಡಿದರಂತೆ. ಊಟಕ್ಕೆ ಹೋಳಿಗೆಯೋ ಶ್ಯಾವಿಗೆ ಪಾಯಸವೋ ಎಂದು ಮಾತಾಡಿದರಂತೆ. ತಮ್ಮ ಹೆಸರನ್ನೇ ತಾವು ಒಬ್ಬರ ಮುಂದೊಬ್ಬರು ಬಿಡಿಸಿ ಓದುವುದಕ್ಕೆ ಇಬ್ಬರಿಗೂ ನಾಚಿಕೆ. ಮೇಡಂನೋರು ನೋಡಿರ್ತಾರೆ ಎಂದು ಇವರು, ಅವ್ರು ನೋಡ್ದೆ ಇರ್ತಾರಾ ಎಂದು ಅವಳು. ಮಡಿಕೆ ಬಿಚ್ಚದೆಯೇ, ಹಿಂಬದಿಯಲ್ಲಿ, ಇಬ್ಬರೂ ಸಹಿ ಹಾಕಿದರು. ಇಡೀ ಮೈಸೂರಿನ ಲಗ್ನಪತ್ರಿಕೆಗಳನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದ ಇಬ್ಬರು!

ನಾನು ಹಾಸನದಿಂದ ಬಂದ ದಿನ ಬೆಳಿಗ್ಗೆಯೇ ಪ್ರೆಸ್ ಸಾರ್ ಪತ್ರಿಕೆಯ ಕಟ್ಟನ್ನು ತಂದರು. ಅತ್ತೆ ಒಂದು ಬಟ್ಟಲಲ್ಲಿ ಅರಿಸಿನ ಕಲಸಿಟ್ಟುಕೊಂಡಿದ್ದಳು. ಮೊದಲ ಪತ್ರಿಕೆಯ ನಾಲ್ಕು ಮೂಲೆಗೂ ಹಚ್ಚಿ ದೇವರ ಮುಂದಿಡಬೇಕಲ್ಲ. ಕಾಗದ ಹರಿದು, ಮೇಲಿನದನ್ನು ಎತ್ತಿಕೊಂಡಳು. ಬೆರಳು ಅರಿಸಿನದಲ್ಲಿ ಅದ್ದಿದ್ದು ಹಾಗೇ ನಿಂತಿತು.

ನಾನು ಇಣುಕಿ ನೋಡಿದೆ. ನೆಟ್ಟಗೆ, ದಪ್ಪಗೆ, ಕರ್ರಗೆ, ಸಾಲಾಗಿ ನಿಂತ ಅಕ್ಷರಗಳು. ಹನ್ನೊಂದನೇ ದಿನದ ಕಾರ್ಯಕ್ಕೆ ಕರೆಯುವ ಕಾರ್ಡು ಥೇಟ್ ಹೀಗೇ ಇರುತ್ತದೆ. ಪ್ರೆಸ್ ಸಾರ್ ಕೂಡ ಆಗಲೇ ನೋಡಿದ್ದು. ಮನುಷ್ಯ ಬೆವರಿಹೋದರು. “ನಾನು... ಮಿಷನ್ ಹತ್ರ ಎಲ್ಲಾ ನನ್ನೇ ನೋಡಿ ನಗ್ತಿದ್ರು. ನಾನು ಆ ಕಡೆ ಹೋಗ್ಲೇ ಇಲ್ಲ” ಎಂದರು. ತಪ್ಪು ನಂದು ಎಂದು ನಾನು ಕೂಗಿದೆ. ಇಲ್ಲ ನಂದು ಎಂದು ಅವರು. ಸಹಿ ಹಾಕಿದ ಕಥೆ ಹೊರಬಿದ್ದಾಗ ಆ ಸಂಕಟದಲ್ಲೂ ನನಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಪ್ರೆಸ್ ಸಾರೂ ನಕ್ಕರು.

ಅತ್ತೆ ನಗಲಿಲ್ಲ. ಬೆರಳಿನ ಅರಿಸಿನವನ್ನು ಬಟ್ಟಲಿನ ಅಂಚಿಗೆ ಒರೆಸಿದಳು.

“ಓಗ್ಲಿ ಬುಡಿ. ಇದೇ ಸಾಕು. ಮತ್ತೆ ಒಡ್ಸೋದೇನೂ ಬ್ಯಾಡ” ಎಂದಳು.

ಕೂಗಿದ್ದರೆ, ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳ ದನಿಯಲ್ಲಿ ಸಿಟ್ಟೇ ಇರಲಿಲ್ಲ. ನಿವೃತ್ತಿಯ ದಿನ ಆಟೋದಲ್ಲಿ ನಕ್ಕವಳು ಇವತ್ತು ನಗಲಾರದೆ ಸೋತು ಕೂತಿದ್ದಳು. ನನಗೆ ಅಳು ಬಂತು. ಈ ಒಂದೇ ಒಂದನ್ನು ಅವಳು ಬಾಯಿಬಿಟ್ಟು ಕೇಳಿದ್ದು, ಅದನ್ನೂ ನಾನೇ ಕೆಡಿಸಿದ್ದೆ.

ಅಷ್ಟರಲ್ಲಿ ಅಪ್ಪಾಜಿ ಒಳಗಿನಿಂದ ಬಂದರು. ಯಾರೂ ಕೊಡದೆಯೇ ಕಟ್ಟಿನಿಂದ ಒಂದು ಪತ್ರಿಕೆ ಎತ್ತಿಕೊಂಡು, ಬೆಳಕಿಗೆ ಹಿಡಿದು ಓದಿದರು. ತಿರುಗಿಸಿ ಹಿಂದೆ ನೋಡಿದರು. ಮತ್ತೆ ಮುಂದೆ ನೋಡಿದರು.

“ಕರೆಯೋರು ಯಾರೂ ಇಲ್ವಾ ಇದ್ರಲ್ಲಿ?”

ನನಗೆ ರೇಗಿತು. “ನೀವೇ ತಾನೆ ಅಪ್ಪಾಜಿ ಬೇಡ ಅಂದಿದ್ದು! ಸಿಂಪಲ್ ಆಗಿರ್ಲಿ ಅಂದಿದ್ದೂ ನೀವೇ. ತಗೊಳ್ಳಿ, ಇದಕ್ಕಿಂತ ಸಿಂಪಲ್ ಬೇಕಾ?”

ಅಪ್ಪಾಜಿ ಪತ್ರಿಕೆ ಹಿಡಿದುಕೊಂಡೇ ಗೇಟಿನವರೆಗೆ ಹೋದರು. ಅಲ್ಲಿ ನಿಂತು ಇನ್ನೊಮ್ಮೆ ಓದಿದರು. ನಾವು ಮೂವರೂ ಕಿಟಕಿಯಿಂದ ನೋಡುತ್ತಿದ್ದೆವು. ವಾಪಸು ಬಂದವರು ಪತ್ರಿಕೆಯನ್ನು ಮೇಜಿನ ಮೇಲೆ ಬೋರಲು ಹಾಕಿದರು.

“ಯಾರೂ ಗತಿ ಇಲ್ದೋಳ ಪತ್ರಿಕೆ ಇದ್ದಂಗದೆ. ನಮ್ಮನೆ ಎಣ್ಣು ಮಗಳಿಗೆ ಇಂಗಾ ಮಾಡೋದು?” ಎಂದರು. “ಬ್ಯಾರೆ ಒಡ್ಸಿ. ಕರೆಯೋರು ಅಂತ ನನ್ನೆಸ್ರು ಹಾಕು.” ನನ್ನ ಕಡೆ ತಿರುಗಿ, “ಅದೇ, ಆ ವಾಲ್ಕೊಂಡಿರೋ ಅಕ್ಷರದಲ್ಲೇ ಹಾಕು” ಎಂದರು.

ನಾನು ಕಣ್ಣೊರೆಸಿಕೊಂಡು ಓಡಿಹೋಗಿ ಕಂಪ್ಯೂಟರಿನ ಮುಂದೆ ಕೂತೆ. ಅವರ ಹೆಸರು ಹೊಡೆದೆ. ನಡುವೆ ಒಂದು ಖಾಲಿ ಚೌಕ ಬಂತು. ಅಪ್ಪಾಜಿಯ ಹೆಸರಿನಲ್ಲಿ ಒಂದು ಅಪರೂಪದ ಒತ್ತಕ್ಷರ ಇದೆ. ಯಾವುದು ಎಂದು ಹೇಳಿದರೆ ಹೆಸರೇ ಗೊತ್ತಾಗಿಬಿಡುತ್ತದೆ, ಅವರಿಗೆ ಹಿಡಿಸುವುದಿಲ್ಲ. ಕನ್ನಡದಲ್ಲಿ ಒತ್ತಕ್ಷರಗಳಿಗೆ ಕೊನೆಯೇ ಇಲ್ಲ. ಅಂಗಡಿಗಳಿಗೆ ಬೇಕಾದ್ದನ್ನು ಮೊದಲು ಮುಗಿಸಿ ಮಿಕ್ಕಿದ್ದನ್ನು ಆಮೇಲೆ ಎಂದು ಬಿಟ್ಟಿದ್ದೆ. ಸ್ವಂತ ಅಪ್ಪನ ಹೆಸರು ಬಿಟ್ಟುಹೋಗಿದ್ದು ನನಗೆ ಗೊತ್ತೇ ಆಗಿರಲಿಲ್ಲ.

“ಅತ್ತೆ, ಇದೊಂದು ಅಕ್ಷರ ನೀನೇ ಬರ್ದುಕೊಡಬೇಕು” ಎಂದೆ.

ಅತ್ತೆ ಕನ್ನಡಕ ಹುಡುಕಿದಳು, ಅದು ತಲೆಯ ಮೇಲೇ ಇತ್ತು. ಮೇಜಿನ ಮುಂದೆ ಕೂತು, ಪೆನ್ನು ಮಸಿಯಲ್ಲಿ ಅದ್ದಿದಳು. ಅಪ್ಪಾಜಿ ಅವಳ ಬೆನ್ನ ಹಿಂದೆ ನಿಂತರು. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ತಂಗಿ ಬರೆಯುವುದನ್ನು ಅವರು ಹತ್ತಿರದಿಂದ ನಿಂತು ನೋಡಿದ್ದು ಅವತ್ತೇ ಇರಬೇಕು. ಮೊದಲನೆಯದು ಮಸಿ ಹರಡಿ ಕೆಟ್ಟಿತು. ಎರಡನೆಯದರಲ್ಲಿ ಒತ್ತು ದೊಡ್ಡದಾಯಿತು. ಅವಳು ಹಾಳೆ ಬದಲಾಯಿಸಿ, ತಿರುಗದೆಯೇ ಕೇಳಿದಳು:

“ಅಣ್ಣ, ನಿನ್ನೆಸ್ರು ನನ್ನೆಸ್ರಿಗಿಂತ ಚೂರು ದೊಡ್ಡದಾಗಿರ್ಲಾ? ದೊಡ್ಡೋನಲ್ವಾ ನೀನು.”

“ಏನೂ ಬ್ಯಾಡ. ನಿಂದೇ ದೊಡ್ಡದಿರ್ಲಿ. ನಂದು ಅದ್ರ ಕೆಳಗೆ ಹಾಕು.”

ಏಳನೆಯ ಸಲಕ್ಕೆ ಅಕ್ಷರ ಸರಿಯಾಗಿ ಬಂತು. ಪ್ರೆಸ್ ಸಾರ್ ಈ ಸಲ ಪ್ರೂಫನ್ನು ಬಿಚ್ಚಿ, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದುಕೊಂಡು, ಗಟ್ಟಿಯಾಗಿ ಓದಿದರು. ಅತ್ತೆಯೂ ಓದಿದಳು. ಕೆಂಪಗಾದಳು, ಆದರೂ ಪೂರ್ತಿ ಓದಿದಳು. ಹೆಣ್ಣಿನ ಕಡೆಯ ಸಹಿಯನ್ನು ಅಪ್ಪಾಜಿ ಹಾಕಿದರು.

ನಾಲ್ಕು ದಿನ ಬಿಟ್ಟು ಹೊಸ ಪತ್ರಿಕೆ ಬಂತು. ಆ ಸಂಜೆ ಅಪ್ಪಾಜಿ ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು, ಕುಂಕುಮದ ಬಟ್ಟಲನ್ನು ನನ್ನ ಕೈಗೆ ಕೊಟ್ಟು, ಪತ್ರಿಕೆಯ ಕಟ್ಟನ್ನು ಚೀಲಕ್ಕೆ ತುಂಬಿಕೊಂಡು ಹೊರಟರು. ಮೊದಲು ಯಾರ ಮನೆಗೆ ಎಂದು ನಾನು ಕೇಳಲಿಲ್ಲ. ನೆಟ್ಟಗೆ ಅವರ ವಾಕಿಂಗ್ ಗೆಳೆಯರೊಬ್ಬರ ಗೇಟಿನ ಮುಂದೆ ನಿಂತರು. ಏನಂದಾರೋ ಎಂದು ಅಪ್ಪಾಜಿ ಎಲ್ಲರಿಗಿಂತ ಹೆಚ್ಚು ಹೆದರಿದ್ದು ಆ ಮನುಷ್ಯನಿಗೇ. ಗೆಳೆಯರು ಬಾಗಿಲು ತೆಗೆದು ಪತ್ರಿಕೆ ಈಸಿಕೊಂಡರು. ಹೆಸರು ಓದಿ ತಲೆ ಎತ್ತಿದರು, ಏನೋ ಕೇಳಲು ಬಾಯಿ ತೆರೆದರು.

ಅಪ್ಪಾಜಿ ಅವರಿಗೆ ಅವಕಾಶ ಕೊಡಲಿಲ್ಲ. ಪತ್ರಿಕೆಯ ಮೇಲೆ ಬೆರಳಿಟ್ಟು, ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು:

“ನಮ್ ತಂಗಿ ಮದ್ವೆ. ನಾನೇ ಮಾಡ್ತಾ ಇರೋದು. ಅಕ್ಷರ ನೋಡಿ, ಅದೂ ಅವಳ್ದೇ.”